ರಂಗಸಂಗೀತ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆ

ಮೈಸೂರು ಜಿಲ್ಲೆಯ ಪಡುವಣ ಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ನಾಟಕದ ಜೊತೆಜೊತೆಗೆ ಬೆಳೆದುಬಂದ ಹಾಡುಗಾರಿಕೆ, ಅದರ ವಾದ್ಯಮೇಳ, ಮತ್ತು ನಾಟಕಕಾರರು ಇವನ್ನು ದುಡಿಸಿಕೊಂಡ ಬಗೆ ಈ ಲೇಖನದ ವಿಷಯ. ಸಾಲಿಗ್ರಾಮ, ಸರಗೂರು ಈಚೆಗೆ ಬೇರೆ ತಾಲ್ಲೂಕುಗಳಾಗಿದ್ದರೂ ರಂಗಪರಂಪರೆಯ ದೃಷ್ಟಿಯಿಂದ ಇದೇ ಸೀಮೆಗೆ ಸೇರಿದವು. ಹುಣಸೂರಿನಲ್ಲಿ ಹುಟ್ಟಿ ನಾಟಕಕಾರ, ಗೀತರಚನೆಕಾರ, ಚಿತ್ರನಿರ್ದೇಶಕರಾಗಿ ಹೆಸರಾದ ಹುಣಸೂರು ಕೃಷ್ಣಮೂರ್ತಿ, ಎಚ್.ಡಿ. ಕೋಟೆಯ ಕಾಡನ್ನು ರಂಗಕ್ಕೆ ತಂದ ಮಾಸ್ತಿಯವರ ‘ಕಾಕನಕೋಟೆ’, ಊರೂರಿನ ಹಬ್ಬದಲ್ಲಿ ಬೆಳಗಿನವರೆಗೆ ನಡೆಯುವ ಪೌರಾಣಿಕ ನಾಟಕ ಇವು ಈ ಪರಂಪರೆಯ ಮೂರು ಮುಖ್ಯ ನೆಲೆಗಳು. ಮೂರರಲ್ಲೂ ಕಾಣುವ ಸಮಾನ ಸಂಗತಿ ಒಂದಿದೆ. ಇಲ್ಲಿ ಹಾಡು ನಾಟಕಕ್ಕೆ ತೊಡಿಸಿದ ಒಡವೆಯಲ್ಲ, ಕಥೆಯನ್ನು ಹೊತ್ತು ನಡೆಸುವುದೇ ಹಾಡು. ಜನರ ಕಿವಿಯಲ್ಲಿ ಆಗಲೇ ನೆಲೆಸಿದ್ದ ಧಾಟಿಯನ್ನು ಹಿಡಿದು ನಾಟಕಕಾರ ಮಾತು ಕಟ್ಟಿದ್ದಾನೆ.

ಹಿನ್ನೆಲೆ

ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆ (ಕಬಿನಿ) ಹರಿಯುವ ಈ ಪ್ರದೇಶದ ಬಹುಭಾಗ ಮಧ್ಯಕಾಲದಲ್ಲಿ ಚಂಗಾಳ್ವ ಅರಸರ ಆಳ್ವಿಕೆಯಲ್ಲಿತ್ತು. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) 1640ರ ದಶಕದಲ್ಲಿ ಪಿರಿಯಾಪಟ್ಟಣವನ್ನು ಗೆದ್ದ ಮೇಲೆ ಆ ಮನೆತನದ ಅಧಿಕಾರ ಮುಗಿಯಿತು. ಚಂಗಾಳ್ವರ ಕಾಲದ ಸಾಹಿತ್ಯದಲ್ಲಿ ಎದ್ದು ಕಾಣುವುದು ಸಾಂಗತ್ಯ. ಓದುವುದಕ್ಕಿಂತ ಹೆಚ್ಚಾಗಿ ವಾದ್ಯದೊಡನೆ ಹಾಡುವುದಕ್ಕೆ ಹೊಂದುವ ಛಂದಸ್ಸು ಅದು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಮೊದಲಲ್ಲಿ ‘ನೇಮಿಜಿನೇಶ ಸಂಗತಿ’ಯನ್ನು ರಚಿಸಿದ. ಚಂಗಾಳ್ವ ಮನೆತನದ ನಂಜುಂಡ ಕವಿ ಅದೇ ಶತಮಾನದಲ್ಲಿ ‘ಕುಮಾರರಾಮ ಸಾಂಗತ್ಯ’ವನ್ನು ಬರೆದ. ನಾಲ್ಕು ಶತಮಾನಗಳ ಬಳಿಕ ಅದೇ ಕಲ್ಲಹಳ್ಳಿಯಲ್ಲಿ ಹುಟ್ಟಿದ ಕಾದಂಬರಿಕಾರ ಚದುರಂಗ (ಸುಬ್ರಹ್ಮಣ್ಯರಾಜೇ ಅರಸ್, 1916–1998) ಕುಮಾರರಾಮನನ್ನೇ ನಾಯಕನಾಗಿಸಿ ನಾಟಕ ಬರೆದರು. ಹಾಡುಗಬ್ಬದಲ್ಲಿ ಬದುಕಿದ್ದ ವೀರನೊಬ್ಬ ನಾಟಕದ ಪಾತ್ರವಾಗಿ ಮರಳಿದ್ದಕ್ಕೆ ಇದೊಂದು ನಿದರ್ಶನ.

ಶಾಸ್ತ್ರೀಯ ಸಂಗೀತದ ನಂಟೂ ಈ ಸೀಮೆಗೆ ಹತ್ತಿರದ್ದೇ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಸಂಕೇತಿ ಸಮುದಾಯದ ಹಳೆಯ ನೆಲೆಗಳಲ್ಲೊಂದು. ಕಾವೇರಿಯ ದಂಡೆಯಲ್ಲಿ, ಗಡಿಯಾಚೆ ಹಾಸನ ಜಿಲ್ಲೆಗೆ ಸೇರುವ ರುದ್ರಪಟ್ಟಣ ಸಂಗೀತ ಗ್ರಾಮವೆಂದೇ ಪ್ರಸಿದ್ಧ. ಆರ್.ಕೆ. ಶ್ರೀಕಂಠನ್ (1920–2014) ಅಲ್ಲಿಯವರು. ದೇವಸ್ಥಾನದ ಉತ್ಸವ, ಹರಿಕಥೆ, ಭಜನೆ, ಗಮಕ ವಾಚನಗಳ ಮೂಲಕ ಕರ್ನಾಟಕ ಸಂಗೀತದ ರಾಗಗಳು ಹೆಸರು ಗೊತ್ತಿಲ್ಲದವರ ಕಿವಿಗೂ ಬಿದ್ದಿದ್ದವು. ಮುಂದೆ ಕಂಪನಿ ನಾಟಕಗಳು ಬಂದಾಗ ಪ್ರೇಕ್ಷಕರಿಗೆ ಆ ರಾಗಗಳು ಹೊಸತೆನಿಸದಿರಲು ಇದು ಕಾರಣ.

ಕಥೆ ಹಾಡುವ ಪರಂಪರೆಗಳು

ನಾಟಕ ಮಂಡಳಿಗಳು ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿನ ಜನ ರಾತ್ರಿಯಿಡೀ ಕುಳಿತು ಕಥೆ ಕೇಳುವುದನ್ನು ರೂಢಿಸಿಕೊಂಡಿದ್ದರು. ಕೆ.ಆರ್. ನಗರ ಸೀಮೆಯ ಕಪ್ಪಡಿ ಕ್ಷೇತ್ರ ಅದಕ್ಕೆ ಮುಖ್ಯ ಸಾಕ್ಷಿ. ಕಾವೇರಿ ದಂಡೆಯಲ್ಲಿ ಸಂತ ಮಂಟೇಸ್ವಾಮಿಯ ಪರಂಪರೆಯ ರಾಚಪ್ಪಾಜಿಯ ಗದ್ದುಗೆ ಇರುವ ಈ ಸ್ಥಳದಲ್ಲಿ ಶಿವರಾತ್ರಿಯಿಂದ ಯುಗಾದಿಯವರೆಗೆ ಜಾತ್ರೆ ನಡೆಯುತ್ತದೆ. ಮಂಟೇಸ್ವಾಮಿ ಮತ್ತು ಸಿದ್ಧಪ್ಪಾಜಿಯರ ಕಾವ್ಯವನ್ನು ಹಾಡುವ ನೀಲಗಾರರ ಮೇಳದಲ್ಲಿ ಮುಖ್ಯ ಗಾಯಕನ ಕೈಯಲ್ಲಿ ತಂಬೂರಿ, ಜೊತೆಯವರ ಕೈಯಲ್ಲಿ ಗಗ್ಗರ, ಡಕ್ಕೆ, ತಾಳ ಇರುತ್ತವೆ. ಮುಖ್ಯ ಗಾಯಕ ಒಂದಿಷ್ಟು ಹಾಡಿ, ಒಂದಿಷ್ಟನ್ನು ಮಾತಿನಲ್ಲಿ ಹೇಳಿ, ಮತ್ತೆ ಹಾಡಿಗೆ ಹೊರಳುತ್ತಾನೆ. ಹಿಮ್ಮೇಳದವರು ಪ್ರತಿ ಘಟ್ಟದಲ್ಲೂ ಸೊಲ್ಲು ಎತ್ತಿಕೊಳ್ಳುತ್ತಾರೆ. ಕಲ್ಯಾಣಕ್ಕೆ ಬಂದ ಮಂಟೇಸ್ವಾಮಿ ಶರಣರನ್ನು ಪರೀಕ್ಷಿಸುವ ಭಾಗ, ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಬೇಡುವ ಭಾಗಗಳಲ್ಲಿ ಒಬ್ಬನೇ ಗಾಯಕ ಎಲ್ಲ ಪಾತ್ರಗಳ ದನಿಯನ್ನೂ ತರುತ್ತಾನೆ. ಹಾಡು ಎಲ್ಲಿ ನಿಲ್ಲಬೇಕು, ಮಾತು ಎಲ್ಲಿ ಶುರುವಾಗಬೇಕು ಎಂಬ ರಂಗದ ತಿಳಿವಳಿಕೆ ಈ ಮೇಳಗಳಲ್ಲಿ ಪೂರ್ಣವಾಗಿ ಇದೆ. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ಹುಟ್ಟಿದ್ದು ಈ ಕಾವ್ಯದಿಂದಲೇ.

ಮಲೆಯ ಮಾದೇಶ್ವರನ ಒಕ್ಕಲಿನ ದೇವರಗುಡ್ಡರು ಹಾಡುವ ಕಂಸಾಳೆಯ ಕಥೆಗಳು ಎಚ್.ಡಿ. ಕೋಟೆ, ಹುಣಸೂರಿನ ಊರುಗಳಿಗೂ ಪರಿಚಿತ. ಕಂಚಿನ ತಾಳಗಳ ಲಯ, ಬೀಸು ಕಂಸಾಳೆಯ ಕುಣಿತ ಇವು ಇಂದಿನ ಆಧುನಿಕ ನಾಟಕಗಳಲ್ಲೂ ಮತ್ತೆ ಮತ್ತೆ ಬಳಕೆಯಾಗಿವೆ. ಹಳೆ ಮೈಸೂರು ಭಾಗದ ಮೂಡಲಪಾಯ ಯಕ್ಷಗಾನದಲ್ಲಿ ಭಾಗವತನ ಹಾಡಿಗೆ ಮದ್ದಳೆ, ಮುಖವೀಣೆಗಳ ಜೊತೆಯಿರುತ್ತಿತ್ತು. ರಂಗಕ್ಕೆ ಬಂದ ವೇಷಧಾರಿ ತಾನು ಯಾರೆಂಬುದನ್ನು ಹಾಡಿನಲ್ಲೇ ಹೇಳಿಕೊಳ್ಳುವುದು ಆ ಆಟದ ರೂಢಿ. ಪೌರಾಣಿಕ ನಾಟಕದಲ್ಲಿ ದುರ್ಯೋಧನನೋ ಕರ್ಣನೋ ಮೊದಲ ಬಾರಿ ಪರದೆಯಿಂದಾಚೆ ಬರುವಾಗ ಹಾಡುವ ಪ್ರವೇಶದ ಹಾಡಿನಲ್ಲಿ ಅದೇ ರೂಢಿ ಮುಂದುವರಿದಿದೆ.

ಇವೆಲ್ಲದರ ಜೊತೆಗೆ ಗಮಕವನ್ನೂ ಹೇಳಬೇಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಭಾರತ, ಲಕ್ಷ್ಮೀಶನ ವಾರ್ಧಕ ಷಟ್ಪದಿಯ ‘ಜೈಮಿನಿ ಭಾರತ’ ಇವನ್ನು ರಾಗವಾಗಿ ಓದಿ ಅರ್ಥ ಹೇಳಿಸುವುದು ಹಳ್ಳಿಗಳಲ್ಲೂ ನಡೆಯುತ್ತಿತ್ತು. ಗಮಕಿ ಕಾವ್ಯದ ಭಾವಕ್ಕೆ ತಕ್ಕ ರಾಗವನ್ನು ಆರಿಸಿ, ಪದ ಒಡೆಯದಂತೆ, ಅರ್ಥ ಮುಕ್ಕಾಗದಂತೆ ಹಾಡುತ್ತಾನೆ. ಸಾಹಿತ್ಯ ಕೇಳಿಸಬೇಕು, ರಾಗ ಅದನ್ನು ಮುಚ್ಚಬಾರದು ಎಂಬ ಗಮಕದ ಈ ನಿಯಮವೇ ಮುಂದೆ ರಂಗಗೀತೆಯ ನಿಯಮವೂ ಆಯಿತು.

ಅರಮನೆ ಮತ್ತು ಕಂಪನಿ ನಾಟಕ

ಮೈಸೂರಿನಲ್ಲಿ ವೃತ್ತಿನಾಟಕಕ್ಕೆ ಅಡಿಪಾಯ ಬಿದ್ದದ್ದು 1880ರ ದಶಕದಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ. ಅರಮನೆಯ ಚಾಮರಾಜೇಂದ್ರ ಕರ್ಣಾಟಕ ನಾಟಕ ಸಭೆಗಾಗಿ ಬಸವಪ್ಪ ಶಾಸ್ತ್ರಿಗಳು (1843–1891) ಕಾಳಿದಾಸನ ‘ಶಾಕುಂತಲ’ವನ್ನು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿದರು. ಷೇಕ್ಸ್‌ಪಿಯರನ ‘ಒಥೆಲೊ’ ಅವರ ಕೈಯಲ್ಲಿ ‘ಶೂರಸೇನ ಚರಿತ್ರೆ’ಯಾಯಿತು. ಇದೇ ಹೊತ್ತಿಗೆ ಮರಾಠಿ ಸಂಗೀತ ನಾಟಕ ಮತ್ತು ಪಾರಸಿ ಮಂಡಳಿಗಳು ಊರೂರು ತಿರುಗುತ್ತಿದ್ದವು. ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ 1880ರಲ್ಲಿ ರಂಗಕ್ಕೆ ಬಂದಿತ್ತು. ಅದಕ್ಕೂ ಮೊದಲೇ ಗದಗಿನಲ್ಲಿ ಶಾಂತಕವಿಗಳು ಕನ್ನಡದ್ದೇ ಆದ ನಾಟಕ ಮಂಡಳಿ ಕಟ್ಟುವ ಕೆಲಸಕ್ಕೆ ಕೈಹಾಕಿದ್ದರು. ಹೀಗೆ ಕರ್ನಾಟಕ ಸಂಗೀತದ ಗಾಂಭೀರ್ಯ, ಹಿಂದೂಸ್ತಾನಿ ರಾಗಗಳ ಲಾಲಿತ್ಯ, ಪಾರಸಿ ಧಾಟಿಗಳ ಚುರುಕು ಮೂರೂ ಮೈಸೂರಿನ ರಂಗದ ಮೇಲೆ ಒಂದಾದವು.

ಎ.ವಿ. ವರದಾಚಾರ್ಯರ (1869–1926) ರತ್ನಾವಳಿ ನಾಟಕ ಮಂಡಳಿ, 1884ರಲ್ಲಿ ಆರಂಭವಾಗಿ ಗುಬ್ಬಿ ವೀರಣ್ಣನವರ (1891–1972) ಕೈಯಲ್ಲಿ ಬೆಳೆದ ಗುಬ್ಬಿ ಕಂಪನಿ, ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿ, ಕೆ. ಹಿರಣ್ಣಯ್ಯನವರ ಮಿತ್ರಮಂಡಳಿ ಇವು ಈ ಸೀಮೆಯವರ ರಂಗಾಭಿರುಚಿಯನ್ನು ರೂಪಿಸಿದ ಹೆಸರುಗಳು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ನಟನಿಗೆ ಮೊದಲು ಬೇಕಾದದ್ದು ಕಂಠ. ಕೊನೆಯ ಸಾಲಿನ ಚಾಪೆಯವನಿಗೂ ಕೇಳಿಸುವಂತೆ ಎತ್ತರದ ಶ್ರುತಿಯಲ್ಲಿ ಹಾಡಬಲ್ಲವನೇ ರಾಜಪಾರ್ಟಿಗೆ, ಅಂದರೆ ರಾಜನ ಪಾತ್ರಕ್ಕೆ ಅರ್ಹ. ಹೀಗಾಗಿ ನಟರನ್ನು ಆರಿಸುವಾಗ ಶ್ರುತಿಪೆಟ್ಟಿಗೆಯ ಮುಂದೆ ನಿಲ್ಲಿಸಿ ಹಾಡಿಸಿ ನೋಡುವುದು ಪದ್ಧತಿಯಾಯಿತು.

ಮಟ್ಟು ಹಿಡಿದು ಬರೆಯುವ ಕ್ರಮ

ಕಂಪನಿ ನಾಟಕಕಾರನ ಕಸುಬಿನಲ್ಲಿ ಸಂಗೀತದ ಪಾತ್ರ ಎಷ್ಟಿತ್ತೆಂಬುದು ಹಳೆಯ ನಾಟಕ ಪುಸ್ತಕಗಳನ್ನು ತಿರುವಿದರೆ ತಿಳಿಯುತ್ತದೆ. ಹಾಡಿನ ತಲೆಯ ಮೇಲೆ ರಾಗ, ತಾಳಗಳ ಹೆಸರಿರುತ್ತದೆ. ಎಷ್ಟೋ ಕಡೆ ಅದಕ್ಕೂ ಬದಲಾಗಿ, ಜನರಿಗೆ ಆಗಲೇ ಗೊತ್ತಿದ್ದ ಬೇರೊಂದು ಹಾಡಿನ ಮೊದಲ ಮಾತುಗಳನ್ನು ಕೊಟ್ಟು ‘ಎಂಬ ಮಟ್ಟು’ ಎಂದು ಸೂಚಿಸಿರುತ್ತದೆ. ನಾಟಕಕಾರ ಆ ಧಾಟಿಯನ್ನು ಗುನುಗಿಕೊಳ್ಳುತ್ತ, ಅದರ ಎತ್ತು, ತಿರುವು, ನಿಲುಗಡೆಗಳಿಗೆ ಸರಿಯಾಗಿ ಅಕ್ಷರ ಕೂಡಿಸುತ್ತಿದ್ದ. ತ್ಯಾಗರಾಜರ ಕೀರ್ತನೆಯ ಧಾಟಿ, ಮರಾಠಿ ನಾಟ್ಯಪದದ ಧಾಟಿ, ದೇವರನಾಮದ ಧಾಟಿ, ಜನಪದ ಹಾಡಿನ ಧಾಟಿ ಎಲ್ಲವೂ ಅವನಿಗೆ ಸಾಮಗ್ರಿ.

ಬೆಳ್ಳಾವೆ ನರಹರಿ ಶಾಸ್ತ್ರಿಗಳು (1882–1961) ಈ ಕಸುಬಿನ ಮೇರು. ಗುಬ್ಬಿ ಕಂಪನಿಗೆ ‘ಸದಾರಮೆ’, ‘ಕೃಷ್ಣಲೀಲೆ’ಯಂಥ ನಾಟಕಗಳನ್ನು ಬರೆದ ಅವರೇ 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೂ ಸಾಹಿತ್ಯ ಒದಗಿಸಿದರು. ನಾಟಕದ ಹಾಡು ಚಿತ್ರಗೀತೆಯಾದ ದಾರಿ ಹೀಗೆ ನೇರವಾಗಿದೆ.

ರಂಗದ ಮೇಲೆ ಹಾಡುವ ಪದ್ಯಗಳಲ್ಲಿ ಎರಡು ಬಗೆ. ಕಂದ, ವೃತ್ತ, ಸೀಸಪದ್ಯಗಳಿಗೆ ತಾಳವಿಲ್ಲ. ನಟ ರಾಗವನ್ನು ಬಿಡಿಸುತ್ತ, ಬೇಕಾದಲ್ಲಿ ನಿಂತು, ಕೊನೆಯ ಪಾದದಲ್ಲಿ ಸ್ವರವನ್ನು ಮೇಲಕ್ಕೊಯ್ದು ಬಿಡುತ್ತಾನೆ. ತಬಲದವನು ಆಗ ಕೈಕಟ್ಟಿ ಕೂರುತ್ತಾನೆ. ಮಟ್ಟಿನ ಹಾಡು ಶುರುವಾದಾಗ ತಾಳ ಸೇರಿಕೊಳ್ಳುತ್ತದೆ. ಕೋಪ, ಪಣ, ದುಃಖದ ತುತ್ತತುದಿಗೆ ತಾಳವಿಲ್ಲದ ಪದ್ಯ, ಶೃಂಗಾರ, ಭಕ್ತಿ, ವಾಗ್ವಾದಕ್ಕೆ ತಾಳದ ಹಾಡು ಎಂಬ ಹಂಚಿಕೆ ಸಾಮಾನ್ಯವಾಗಿ ಕಾಣುತ್ತದೆ. ವೀರಾವೇಶಕ್ಕೆ ಅಠಾಣ, ಶೋಕಕ್ಕೆ ಮುಖಾರಿ, ಭಕ್ತಿಗೂ ವಿರಹಕ್ಕೂ ಕಾಪಿ, ಸಿಂಧುಭೈರವಿ, ಪ್ರಸನ್ನ ಸನ್ನಿವೇಶಗಳಿಗೆ ಮೋಹನ, ಬೇಹಾಗ್ ಇವು ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳ ನೆಚ್ಚಿನ ಆಯ್ಕೆಗಳು.

ಹುಣಸೂರು ಕೃಷ್ಣಮೂರ್ತಿ

ಈ ಸೀಮೆ ಕನ್ನಡ ರಂಗಭೂಮಿ ಮತ್ತು ಚಿತ್ರರಂಗಕ್ಕೆ ಕೊಟ್ಟ ದೊಡ್ಡ ನಾಟಕಕಾರ ಹುಣಸೂರು ಕೃಷ್ಣಮೂರ್ತಿ (1914–1989). ಹುಣಸೂರಿನಲ್ಲಿ ಹುಟ್ಟಿದ ಅವರು ವೃತ್ತಿನಾಟಕ ಮಂಡಳಿಗಳಲ್ಲಿ ಪಳಗಿ, ನಾಟಕ ರಚನೆ, ಸಂಭಾಷಣೆ, ಗೀತರಚನೆ, ಅಭಿನಯಗಳಲ್ಲಿ ಕೈ ಕುದುರಿಸಿಕೊಂಡು ಚಿತ್ರರಂಗಕ್ಕೆ ಬಂದರು. ‘ಶ್ರೀಕೃಷ್ಣ ಗಾರುಡಿ’ (1958), ‘ರತ್ನಮಂಜರಿ’ (1962), ‘ವೀರಸಂಕಲ್ಪ’ (1964), ‘ಸತ್ಯಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974), ‘ಬಬ್ರುವಾಹನ’ (1977) ಅವರು ನಿರ್ದೇಶಿಸಿದ ಪ್ರಮುಖ ಚಿತ್ರಗಳು. ಹುಣಸೂರಿನವರೇ ಆದ, ಸೋದರಳಿಯ ದ್ವಾರಕೀಶ್ ಅವರನ್ನು ‘ವೀರಸಂಕಲ್ಪ’ದಲ್ಲಿ ತೆರೆಗೆ ತಂದವರೂ ಅವರೇ.

ಕೃಷ್ಣಮೂರ್ತಿಯವರ ಚಿತ್ರಗಳು ಮೇಲ್ನೋಟಕ್ಕೆ ಸಿನಿಮಾ, ಒಳಗಿನ ಕಟ್ಟಡ ಕಂಪನಿ ನಾಟಕದ್ದು. ಸಂಭಾಷಣೆ ಏರುತ್ತ ಹೋಗಿ ಇನ್ನು ಬರಿಯ ಮಾತು ಸಾಲದು ಎಂಬ ಹಂತಕ್ಕೆ ಬಂದಾಗ ಹಾಡು ಹುಟ್ಟುತ್ತದೆ. ಹಾಡು ಮುಗಿಯುವಷ್ಟರಲ್ಲಿ ಕಥೆ ಒಂದು ಹೆಜ್ಜೆ ಮುಂದಿಟ್ಟಿರುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ‘ಬಬ್ರುವಾಹನ’ದಲ್ಲಿ ಅರ್ಜುನ ಮತ್ತು ಬಬ್ರುವಾಹನ ಎದುರುಬದುರಾಗಿ ಹಾಡುವ ವಾಗ್ವಾದದ ಗೀತೆ. ಎರಡೂ ಪಾತ್ರ ರಾಜ್‌ಕುಮಾರ್ ಅವರದು. ಕಂಠಗಳು ರಾಜ್‌ಕುಮಾರ್ ಮತ್ತು ಪಿ.ಬಿ. ಶ್ರೀನಿವಾಸ್ ಅವರದು, ಸಂಗೀತ ಟಿ.ಜಿ. ಲಿಂಗಪ್ಪನವರದು. ಒಬ್ಬ ಇನ್ನೊಬ್ಬನ ಪರಾಕ್ರಮದ ಒಂದೊಂದೇ ಪ್ರಸಂಗ ಎತ್ತಿ ಮೂದಲಿಸುತ್ತಾನೆ, ಇನ್ನೊಬ್ಬ ಅದೇ ಏರುದನಿಯಲ್ಲಿ ತಿರುಗಿಸಿ ಕೊಡುತ್ತಾನೆ. ಬಾಣ ಬಿಡುವ ಮುನ್ನವೇ ಯುದ್ಧದ ಅರ್ಧಭಾಗ ಹಾಡಿನಲ್ಲಿ ನಡೆದುಹೋಗುತ್ತದೆ. ಹಳ್ಳಿಯ ನಾಟಕದಲ್ಲಿ ಕೃಷ್ಣ–ದುರ್ಯೋಧನರ ನಡುವೆ, ಕರ್ಣ–ಅರ್ಜುನರ ನಡುವೆ ನಡೆಯುವ ವಾದದ ಹಾಡುಗಳನ್ನು ಕೇಳಿದವರಿಗೆ ಇದರ ಬೇರು ಎಲ್ಲಿದೆ ಎಂದು ಹೇಳಿಕೊಡಬೇಕಾಗಿಲ್ಲ. ಕಥೆಯ ಮೂಲ ಲಕ್ಷ್ಮೀಶನ ‘ಜೈಮಿನಿ ಭಾರತ’. ಗಮಕಿಗಳ ಬಾಯಲ್ಲಿದ್ದ ಪ್ರಸಂಗ ಕಂಪನಿ ರಂಗದ ವಾದದ ಹಾಡಿನ ಅಚ್ಚಿಗೆ ಬಿದ್ದು, ಚಿತ್ರಗೀತೆಯಾಗಿ ಮನೆಮನೆಗೆ ಬಂತು. ಇಂದು ಹಳ್ಳಿಯ ವೇದಿಕೆಗಳಲ್ಲಿ ಅದನ್ನು ಜೋಡಿಯಾಗಿ ಹಾಡುವವರಿದ್ದಾರೆ. ರಂಗದಿಂದ ಹೊರಟದ್ದು ರಂಗಕ್ಕೇ ಮರಳಿದೆ.

‘ಸತ್ಯಹರಿಶ್ಚಂದ್ರ’ದಲ್ಲಿ ಈ ಕಸುಬಿನ ಇನ್ನೊಂದು ಮುಖವಿದೆ. ರಾಘವಾಂಕನ ಕಾವ್ಯದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಕಥೆ ಅದು. ಸುಡುಗಾಡಿನ ಒಡೆಯ ವೀರಬಾಹುವಿನ ಪಾತ್ರದಲ್ಲಿ ಎಂ.ಪಿ. ಶಂಕರ್ ಕಾಣಿಸಿಕೊಂಡು, ಘಂಟಸಾಲರ ಕಂಠದಲ್ಲಿ ಕುಲದ ಮೇಲು–ಕೀಳನ್ನು ಪ್ರಶ್ನಿಸುವ ಹಾಡನ್ನು ಹಾಡುತ್ತಾರೆ. ಸಾಹಿತ್ಯ ಕೃಷ್ಣಮೂರ್ತಿಯವರದು, ಸಂಗೀತ ಪೆಂಡ್ಯಾಲ ನಾಗೇಶ್ವರರಾವ್ ಅವರದು. ತತ್ತ್ವಪದದ ಸರಳತೆ, ಕುಣಿತದ ಲಯ, ಆಡುಮಾತಿನ ಪದಗಳು ಮೂರೂ ಅದರಲ್ಲಿ ಬೆರೆತಿವೆ. ರಾಜಪಾರ್ಟಿಗೆ ಶಾಸ್ತ್ರೀಯ ರಾಗ, ಸಾಮಾನ್ಯನ ಪಾತ್ರಕ್ಕೆ ನೆಲದ ಧಾಟಿ ಎನ್ನುವುದು ಕಂಪನಿ ನಾಟಕದ ಹಳೆಯ ವಿಂಗಡಣೆ. ಇಲ್ಲಿ ಕೃಷ್ಣಮೂರ್ತಿ ಇಡೀ ಚಿತ್ರದ ತಾತ್ತ್ವಿಕ ಭಾರವನ್ನೇ ಆ ನೆಲದ ಧಾಟಿಯ ಹಾಡಿನ ಮೇಲೆ ಹೊರಿಸಿದರು. 2008ರಲ್ಲಿ ಈ ಕಪ್ಪು–ಬಿಳುಪು ಚಿತ್ರಕ್ಕೆ ಬಣ್ಣ ಕೂಡಿಸಿ ಮತ್ತೆ ಬಿಡುಗಡೆ ಮಾಡಿದಾಗ ಹೊಸ ತಲೆಮಾರಿನವರೂ ಬಂದು ನೋಡಿದ್ದರಲ್ಲಿ ಆ ಹಾಡಿನ ಪಾಲು ದೊಡ್ಡದು.

ಕಾಕನಕೋಟೆ

ಎಚ್.ಡಿ. ಕೋಟೆ ತಾಲ್ಲೂಕಿನ ಕಾಕನಕೋಟೆ ಕಪಿಲೆಯ ದಂಡೆಯ ದಟ್ಟ ಕಾಡು. ಆನೆ ಹಿಡಿಯುವ ಖೆಡ್ಡಾದಿಂದ ಹೊರಜಗತ್ತಿಗೆ ಪರಿಚಯವಾದ ಈ ಪ್ರದೇಶದಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಎದ್ದ ಮೇಲೆ ಕಾಡಿನ ಒಂದು ಭಾಗ ಹಿನ್ನೀರಿನಲ್ಲಿ ಮುಳುಗಿತು. ಜೇನುಕುರುಬರು, ಕಾಡುಕುರುಬರು ಇಲ್ಲಿನ ಮೂಲ ನಿವಾಸಿಗಳು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986) 1938ರಲ್ಲಿ ಪ್ರಕಟಿಸಿದ ‘ಕಾಕನಕೋಟೆ’ ನಾಟಕ ಈ ಕಾಡಿನ ಜನರನ್ನು ನಾಯಕಸ್ಥಾನದಲ್ಲಿ ನಿಲ್ಲಿಸಿತು. ರಣಧೀರ ಕಂಠೀರವನ ಕಾಲ, ಕಾಡುಕುರುಬರ ವಸತಿಯಾದ ಹಾಡಿ, ಅವರ ಮೇಲೆ ಅಧಿಕಾರ ನಡೆಸುವ ಹೆಗ್ಗಡೆ, ಇವರ ನಡುವಿನ ತಿಕ್ಕಾಟ ನಾಟಕದ ವಸ್ತು. ಮಾಸ್ತಿ ಕಾಡಿನವರ ಬದುಕನ್ನು ತೋರಿಸಲು ನೆಚ್ಚಿಕೊಂಡ ಮುಖ್ಯ ಸಾಧನಗಳಲ್ಲಿ ಹಾಡೂ ಒಂದು. ದೇವರನ್ನು ನೆನೆಯುವಾಗ, ಸಂಭ್ರಮಪಡುವಾಗ ಪಾತ್ರಗಳು ಹಾಡುತ್ತವೆ. ಮಾದೇಶ್ವರನನ್ನು ಕುರಿತ ಹಾಡು ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಕಂಪನಿ ನಾಟಕದ ಅಬ್ಬರದ ಹಾಡುಗಾರಿಕೆಗೆ ಇದು ದೂರ. ಹಾಡುವವನೊಬ್ಬ, ಕೇಳುವವರು ಉಳಿದವರು ಎಂಬ ವಿಂಗಡಣೆ ಇಲ್ಲಿಲ್ಲ, ಹಾಡಿಯೇ ಹಾಡುತ್ತದೆ. ಪುಟ್ಟ ಪುಟ್ಟ ಸಾಲು, ಮರಳಿ ಬರುವ ಪಲ್ಲವಿ, ಆಡುನುಡಿಯ ಪದಗಳಿಂದ ಮಾಸ್ತಿ ಜನಪದದ ಹತ್ತಿರಕ್ಕೆ ಹೋಗಿದ್ದಾರೆ.

ನಾಟಕ ಪ್ರಕಟವಾಗಿ ಮೂರು ದಶಕಗಳ ಮೇಲೆ, ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ‘ನಟರಂಗ’ ತಂಡಕ್ಕಾಗಿ ಸಿ.ಆರ್. ಸಿಂಹ (1942–2014) ಇದನ್ನು ನಿರ್ದೇಶಿಸಿದರು. ಪ್ರಯೋಗ ಜನಪ್ರಿಯವಾಯಿತು. ಸಿಂಹ ಅವರೇ ನಿರ್ದೇಶಿಸಿದ ‘ಕಾಕನಕೋಟೆ’ ಚಲನಚಿತ್ರ 1977ರಲ್ಲಿ ಬಂತು. ಲೋಕೇಶ್ ಪ್ರಮುಖ ಪಾತ್ರದಲ್ಲಿದ್ದ ಆ ಚಿತ್ರ ಸಿ. ಅಶ್ವತ್ಥ್ (1939–2009) ಅವರನ್ನು ಚಿತ್ರಸಂಗೀತ ನಿರ್ದೇಶಕರನ್ನಾಗಿ ನಾಡಿಗೆ ಪರಿಚಯಿಸಿತು. ಮಾಸ್ತಿಯವರ ಸಾಲುಗಳಿಗೆ ಅಶ್ವತ್ಥ್ ಕೊಟ್ಟ ಧಾಟಿಯಲ್ಲಿ ಗುಂಪುದನಿ, ಚರ್ಮವಾದ್ಯದ ಪೆಟ್ಟು, ಒಬ್ಬನ ಕರೆಗೆ ಹಲವರ ಓಗೊಡುವಿಕೆ ಮುಂದೆ ನಿಲ್ಲುತ್ತವೆ. ಮುಂದೆ ಶಿಶುನಾಳ ಷರೀಫರ ತತ್ತ್ವಪದಗಳನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿ, ಸುಗಮ ಸಂಗೀತದಲ್ಲಿ ತಮ್ಮದೇ ಮಾರ್ಗ ಕಂಡುಕೊಂಡ ಅಶ್ವತ್ಥ್ ಅವರ ಏರುದನಿಯ ಶೈಲಿಯ ಬೀಜಗಳು ಇಲ್ಲೇ ಕಾಣುತ್ತವೆ. ನಾಟಕಕಾರ ಬರೆದಿಟ್ಟ ಹಾಡಿಗೆ ಸರಿಯಾದ ಧಾಟಿ ಸಿಕ್ಕಿದರೆ ಅದು ನಾಟಕವನ್ನು ದಾಟಿಯೂ ಬಾಳುತ್ತದೆ ಎಂಬುದಕ್ಕೆ ‘ಕಾಕನಕೋಟೆ’ ಗಟ್ಟಿ ಸಾಕ್ಷಿ. ನಾಟಕದ ಕಥೆ ಗೊತ್ತಿಲ್ಲದವರಿಗೂ ಆ ಹಾಡುಗಳು ಗೊತ್ತು.

ಹಳ್ಳಿಯ ಪೌರಾಣಿಕ ನಾಟಕ

ನಾಲ್ಕೂ ತಾಲ್ಲೂಕುಗಳಲ್ಲಿ ರಂಗಸಂಗೀತ ಇಂದಿಗೂ ದಿನಬಳಕೆಯಲ್ಲಿರುವುದು ಪೌರಾಣಿಕ ನಾಟಕದಿಂದಾಗಿ. ‘ಕುರುಕ್ಷೇತ್ರ’, ‘ದಾನಶೂರ ಕರ್ಣ’, ‘ಸಂಪೂರ್ಣ ರಾಮಾಯಣ’, ‘ಶನಿಪ್ರಭಾವ’ ಇವು ಹೆಚ್ಚು ನಡೆಯುವ ನಾಟಕಗಳು. ಸುಗ್ಗಿ ಮುಗಿದು ಜಾತ್ರೆ, ಮಾರಿಹಬ್ಬಗಳು ಬರುವ ಬೇಸಿಗೆ ಇದರ ಕಾಲ. ವ್ಯವಸಾಯಗಾರರು, ಅಂಗಡಿಯವರು, ಉಪಾಧ್ಯಾಯರು, ಕೂಲಿಯವರು ಪಾತ್ರ ವಹಿಸುತ್ತಾರೆ. ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುತ್ತಾರೆ. ಹಾಡು ಹೆಚ್ಚಿರುವ ಕೃಷ್ಣ, ದುರ್ಯೋಧನ, ಕರ್ಣ, ಭೀಮನ ಪಾತ್ರಗಳಿಗೆ ಹೆಚ್ಚು ಹಣ ಕಟ್ಟಬೇಕು. ಪಾತ್ರದ ಬೆಲೆಯನ್ನೇ ಹಾಡು ನಿಗದಿ ಮಾಡುತ್ತದೆ.

ಇಡೀ ಪ್ರಯೋಗದ ಕೇಂದ್ರ ವ್ಯಕ್ತಿ ಹಾರ್ಮೋನಿಯಂ ಮೇಷ್ಟ್ರು. ನಾಟಕ ಕಲಿಸುವವರು, ಹಾಡಿಸುವವರು, ರಂಗದ ದಿನ ಪೆಟ್ಟಿಗೆ ನುಡಿಸುವವರು ಎಲ್ಲವೂ ಅವರೇ. ಊರಿನ ದೇವಸ್ಥಾನದ ಜಗಲಿಯಲ್ಲೋ ಶಾಲೆಯ ಕೊಠಡಿಯಲ್ಲೋ ತಿಂಗಳುಗಟ್ಟಲೆ ಸಂಜೆಯ ಪ್ರಾಕ್ಟೀಸ್ ನಡೆಯುತ್ತದೆ. ಅಕ್ಷರ ಬಾರದವರೂ ಕೇಳಿ ಕೇಳಿಯೇ ಹತ್ತಾರು ಹಾಡು, ಕಂದ, ಉದ್ದುದ್ದ ಮಾತುಗಳನ್ನು ಬಾಯಿಪಾಠ ಮಾಡುತ್ತಾರೆ. ಮೇಷ್ಟ್ರು ಮೊದಲು ಪಾತ್ರಧಾರಿಯ ಕಂಠಕ್ಕೆ ಎಷ್ಟು ಮನೆ ಶ್ರುತಿ ಹೊಂದುತ್ತದೆಂದು ನೋಡುತ್ತಾರೆ. ಕಂಠ ಏರದವನಿಗೆ ಹಾಡಿನ ಮೇಲಿನ ಸಂಗತಿಗಳನ್ನು ಬಿಟ್ಟುಕೊಟ್ಟು ಸರಳ ಮಾಡುತ್ತಾರೆ, ಕಂಠವಿರುವವನಿಗೆ ಆಲಾಪಕ್ಕೆ ಜಾಗ ಬಿಡುತ್ತಾರೆ. ಅಚ್ಚಾದ ನಾಟಕ ಒಂದೇ ಇದ್ದರೂ ಊರಿಂದೂರಿಗೆ ಹಾಡುಗಳು ಬೇರೆಯಾಗಿ ಕೇಳಿಸುವುದು ಇದರಿಂದ.

ರಂಗದ ದಿನ ಬಾಡಿಗೆಗೆ ತಂದ ಸೀನರಿ, ಪರದೆ, ಕಿರೀಟ, ಭುಜಕೀರ್ತಿಗಳು ಸಿದ್ಧವಾಗುತ್ತವೆ. ಸ್ತ್ರೀಪಾತ್ರಕ್ಕೆ ಮೈಸೂರು, ಮಂಡ್ಯದಂಥ ಊರುಗಳಿಂದ ವೃತ್ತಿ ಕಲಾವಿದೆಯರು ಬರುತ್ತಾರೆ. ಅವರು ಹಲವಾರು ನಾಟಕಗಳ ಹಾಡುಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿರುತ್ತಾರೆ, ಎದುರಿನ ಹವ್ಯಾಸಿ ತಪ್ಪಿದರೆ ಎತ್ತಿ ನಡೆಸುತ್ತಾರೆ. ಈ ಕಲಾವಿದೆಯರ ಸಂಗೀತದ ಅನುಭವವನ್ನು ನೆಚ್ಚದೆ ಹಳ್ಳಿಯ ನಾಟಕ ನಡೆಯುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ, 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಪುರುಷಪಾತ್ರಗಳಲ್ಲೇ ಮೆರೆದ ಆರ್. ನಾಗರತ್ನಮ್ಮನವರು (1926–2012) ಇಂಥ ಹಾಡುನಟಿಯರ ಪರಂಪರೆಗೆ ದೊಡ್ಡ ಹೆಸರು.

ರಾತ್ರಿ ಎಲ್ಲ ಪಾತ್ರಧಾರಿಗಳೂ ವೇಷದಲ್ಲಿ ನಿಂತು ಹಾಡುವ ಪ್ರಾರ್ಥನೆಯಿಂದ ನಾಟಕ ಶುರು, ಬೆಳಗಿನ ಮಂಗಳದಿಂದ ಮುಕ್ತಾಯ. ರಂಗದ ಮುಂದೆ ಒಂದು ಬದಿಯಲ್ಲಿ ಕಾಲಿನಿಂದ ತಿದಿ ಒತ್ತುವ ಲೆಗ್ ಹಾರ್ಮೋನಿಯಂ, ಪಕ್ಕದಲ್ಲಿ ತಬಲ. ಮೇಷ್ಟ್ರಿಗೂ ನಟನಿಗೂ ನಡುವೆ ಇರುವ ಸನ್ನೆಗಳು ಗಮನಿಸುವಂಥವು. ಮಾತಿನ ಕೊನೆಯ ಅಕ್ಷರವನ್ನು ನಟ ಎಳೆದು ಮೇಲೆತ್ತಿದರೆ ಹಾಡು ಬರಲಿದೆ ಎಂದರ್ಥ, ಆ ಅಕ್ಷರಕ್ಕೇ ಮೇಷ್ಟ್ರು ಷಡ್ಜ ಕೂಡಿಸುತ್ತಾರೆ. ನಟನಿಗೆ ಸಾಲು ಮರೆತರೆ ಪೆಟ್ಟಿಗೆಯ ಮೇಲೆ ರಾಗ ವಿಸ್ತರಿಸಿ ಹೊತ್ತು ಕೊಡುತ್ತಾರೆ, ಅಷ್ಟರಲ್ಲಿ ಪರದೆಯ ಹಿಂದಿನವರು ಸಾಲು ಹೇಳಿಕೊಡುತ್ತಾರೆ. ಹಾಡು ಮೆಚ್ಚಿಗೆಯಾದರೆ ‘ಒನ್ಸ್ ಮೋರ್’ ಕೂಗು ಏಳುತ್ತದೆ, ಬಂಧುಗಳು ರಂಗಕ್ಕೆ ಬಂದು ಹೂವಿನ ಹಾರ, ನೋಟಿನ ಹಾರ ಹಾಕುತ್ತಾರೆ.

ಇಲ್ಲಿನ ರಂಗದ ಜೀವವಾಗಿರುವ ಹಾರ್ಮೋನಿಯಂ ಐರೋಪ್ಯ ಮೂಲದ್ದು. ಫ್ರಾನ್ಸಿನಲ್ಲಿ 1842ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯಲ್ಲಿ ನೆಲದ ಮೇಲೆ ಕೂತು ನುಡಿಸುವ ಭಾರತೀಯ ರೂಪ ಬಂತು. ಸ್ವರವನ್ನು ತೂಗಿ ಜಾರಿಸುವ ಗಮಕಗಳನ್ನು ನುಡಿಸಲಾಗದ ವಾದ್ಯವೆಂಬ ಕಾರಣಕ್ಕೆ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ಅದೇ ವರ್ಷಗಳಲ್ಲಿ ಹಳ್ಳಿಯ ರಂಗ ಅದನ್ನು ತನ್ನದನ್ನಾಗಿ ಮಾಡಿಕೊಂಡಿತು. ಬಯಲಿನಲ್ಲಿ ದೂರಕ್ಕೆ ಕೇಳುವ ದನಿ, ಕಲಿಯದ ಕಂಠವನ್ನೂ ಶ್ರುತಿಯಲ್ಲಿ ಹಿಡಿದಿಡುವ ಶಕ್ತಿ, ಒಬ್ಬನೇ ಇಡೀ ನಾಟಕ ನಡೆಸಬಲ್ಲ ಅನುಕೂಲ ಇವು ಅದಕ್ಕೆ ಕಾರಣ.

ಹವ್ಯಾಸಿ ರಂಗಭೂಮಿ ಮತ್ತು ರಂಗಾಯಣ

ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹವ್ಯಾಸಿ ನಾಟಕಗಳಲ್ಲಿ ಗದ್ಯಕ್ಕೆ ಒತ್ತು ಬಿದ್ದು ಹಾಡು ಹಿಂದೆ ಸರಿಯಿತು. ಆ ಹೊತ್ತಿನಲ್ಲೂ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ (1905–1998) ‘ಅಹಲ್ಯೆ’, ‘ಗೋಕುಲ ನಿರ್ಗಮನ’ದಂಥ ಗೀತನಾಟಕಗಳನ್ನು ಬರೆದರು. ಕರ್ನಾಟಕ ಸಂಗೀತವನ್ನು ಆಳವಾಗಿ ಬಲ್ಲ ಅವರು ಹೊಸ ರಾಗಗಳನ್ನು ಕಲ್ಪಿಸಿದ್ದೂ ಉಂಟು. ‘ಗೋಕುಲ ನಿರ್ಗಮನ’ವನ್ನು ಹಾಡುವ ನಾಟಕವಾಗಿ ರಂಗದ ಮೇಲೆ ಗೆಲ್ಲಿಸಿದವರು ಬಿ.ವಿ. ಕಾರಂತ (1929–2002).

ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದ ಕಾರಂತರು ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದರು. ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ನಾಟಕಗಳಲ್ಲಿ ಅವರು ಹಾಡನ್ನು ಮತ್ತೆ ನಾಟಕದ ನಡುಮನೆಗೆ ತಂದರು. ಶ್ರೀರಂಗರ ‘ಸತ್ತವರ ನೆರಳು’ ಗದ್ಯನಾಟಕ. ಕಾರಂತರು ಅದಕ್ಕೆ ಪುರಂದರದಾಸರ ಪದಗಳನ್ನು ಕೂಡಿಸಿ ಬೇರೆಯೇ ಅನುಭವವಾಗಿಸಿದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ಅದರ ಮೊದಲ ನಿರ್ದೇಶಕರೂ ಅವರೇ. ನಟ ಹಾಡಬಲ್ಲವನೂ ವಾದ್ಯ ನುಡಿಸಬಲ್ಲವನೂ ಆಗಿರಬೇಕೆಂಬ ಕಂಪನಿ ಕಾಲದ ನಂಬಿಕೆ ಹೀಗೆ ಹೊಸ ರೂಪದಲ್ಲಿ ಮರಳಿತು. ರಂಗಾಯಣದ ಪ್ರಯೋಗಗಳು ಮತ್ತು ‘ಬಹುರೂಪಿ’ ನಾಟಕೋತ್ಸವ ಸುತ್ತಲ ತಾಲ್ಲೂಕುಗಳ ಕಾಲೇಜು ಮತ್ತು ಹವ್ಯಾಸಿ ತಂಡಗಳಿಗೆ ಮಾದರಿಯಾದವು. ಕಂಸಾಳೆ, ತಂಬೂರಿ ಪದ, ತಮಟೆಗಳು ಈ ತಂಡಗಳ ನಾಟಕಗಳಲ್ಲಿ ಸಹಜವಾಗಿ ಬಂದು ಕೂತವು.

ಇಂದಿನ ಸ್ಥಿತಿ

ಪೌರಾಣಿಕ ನಾಟಕ ಈ ಸೀಮೆಯಲ್ಲಿ ನಿಂತಿಲ್ಲ. ಮೈಸೂರಿನ ರಂಗಮಂದಿರಗಳಲ್ಲೂ ಹಳ್ಳಿಯ ತಂಡಗಳು ಬಂದು ಹಗಲು–ರಾತ್ರಿ ನಾಟಕ ಆಡುತ್ತವೆ. ಬದಲಾಗಿರುವುದು ಸಂಗೀತದ ಪರಿಸರ. ಎಷ್ಟೋ ಕಡೆ ಲೆಗ್ ಹಾರ್ಮೋನಿಯಂ ಜಾಗಕ್ಕೆ ಕೀಬೋರ್ಡ್, ತಬಲದ ಜೊತೆಗೆ ರಿದಂ ಪ್ಯಾಡ್ ಬಂದಿವೆ. ಧ್ವನಿವರ್ಧಕದಿಂದಾಗಿ ಎತ್ತರದ ಶ್ರುತಿಯ ಅಗತ್ಯ ತಗ್ಗಿದೆ. ಚಿತ್ರಗೀತೆಗಳ ಧಾಟಿ ನಡುನಡುವೆ ಸೇರಿಕೊಳ್ಳುತ್ತಿದೆ. ಜನಪ್ರಿಯ ಧಾಟಿಯನ್ನು ಎರವಲು ತರುವುದು ರಂಗಸಂಗೀತಕ್ಕೆ ಹೊಸತಲ್ಲ. ಬೆಳ್ಳಾವೆಯವರ ಕಾಲದಲ್ಲಿ ಮರಾಠಿ ನಾಟ್ಯಪದ ಬಂದ ಹಾಗೆಯೇ ಇಂದು ಚಿತ್ರಗೀತೆ ಬರುತ್ತಿದೆ.

ನಿಜವಾದ ನಷ್ಟ ಬೇರೆ ಕಡೆ ಇದೆ. ನಾಟಕದ ಸಾಹಿತ್ಯ ಅಗ್ಗದ ಪುಸ್ತಕಗಳಲ್ಲಿ ಅಚ್ಚಾಗಿ ಉಳಿದಿದೆ, ಧಾಟಿ ಮಾತ್ರ ಮೇಷ್ಟ್ರ ಬೆರಳಿನಲ್ಲೂ ಕಂಠದಲ್ಲೂ ಇದೆ. ‘ಎಂಬ ಮಟ್ಟು’ ಎಂದು ಪುಸ್ತಕ ಸೂಚಿಸುವ ಮೂಲ ಹಾಡು ಮರೆತುಹೋದರೆ ಕೆಳಗಿನ ಸಾಹಿತ್ಯ ಹಾಡಲಾಗದ ಪದ್ಯವಾಗಿ ಬಿಡುತ್ತದೆ. ಹಿರಣ್ಣಯ್ಯನವರ ಕಂಪನಿಯಲ್ಲಿ ಬೆಳೆದ ಆರ್. ಪರಮಶಿವನ್ ಅವರಂಥ ಹಿರಿಯರು ಕಂಪನಿ ನಾಟಕದ ಹಾಡುಗಳನ್ನು ಹೊಸಬರಿಗೆ ಕಲಿಸಿ, ದಾಖಲೆಗಾಗಿ ಹಾಡಿಕೊಟ್ಟು ಮಾಡಿದ ಉಪಕಾರ ದೊಡ್ಡದು. ಆ ಕೆಲಸ ನಗರದ ಹೆಸರಾಂತರಲ್ಲಿಗೆ ನಿಲ್ಲದೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಊರೂರಿನ ಹಾರ್ಮೋನಿಯಂ ಮೇಷ್ಟ್ರುಗಳವರೆಗೂ ಹೋಗಬೇಕು. ಯಾವ ಹಾಡಿಗೆ ಯಾವ ರಾಗ, ಯಾವ ಕಂದವನ್ನು ಎಲ್ಲಿ ನಿಲ್ಲಿಸಿ ಹಾಡುತ್ತಾರೆ, ಯಾವ ಮಟ್ಟು ಯಾರಿಂದ ಬಂತು ಎಂಬುದನ್ನು ಅವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸಿ, ಸ್ವರಪ್ರಸ್ತಾರ ಬರೆದಿಡಬೇಕು. ನೀಲಗಾರರ, ಕಂಸಾಳೆಯವರ ಕಾವ್ಯಗಳನ್ನು ಜಾನಪದ ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದಲೇ ಅವು ನಾಟಕಕಾರರ ಕೈಗೆ ಸಿಕ್ಕವು. ಮೇಷ್ಟ್ರುಗಳ ಧಾಟಿಗಳಿಗೂ ಅಂಥದೇ ಸಂಗ್ರಹ ಆದರೆ, ಮುಂದಿನ ನಾಟಕಕಾರನಿಗೆ ಬರೆಯಲು ಬೇಕಾದ ಮಟ್ಟುಗಳು ಈ ನೆಲದಲ್ಲೇ ಸಿಗುತ್ತವೆ.